ನೊಗದಿಂದ ಗ್ಯಾಲರಿಯವರೆಗೆ: ನನ್ನ ಮೊದಲ ಕಟ್ಟಿಗೆ ಶಿಲ್ಪ ಪ್ರದರ್ಶನ

ಕಳೆದ ಭಾನುವಾರ ರಾತ್ರಿ ಧಾರವಾಡದಿಂದ ಟೆಂಪೊದಲ್ಲಿ 11 ಶಿಲ್ಪಗಳನ್ನು ವಾಪಸ್ ತಂದು ಶೆಡ್ಡಿನಲ್ಲಿ ಇಳಿಸಿದೆ. ಹೋಗುವಾಗ 14 ಇದ್ದವು. ಮೂರು ಮಾರಾಟವಾದವು. ಪ್ರದರ್ಶನ ನಡೆದದ್ದು ಆರು ದಿನ, ಅದಕ್ಕೆ ಹಿಡಿದದ್ದು ಏಳು ವರ್ಷ. ಊರಿಗೆ ಬಂದ ಮೇಲೆ ಎರಡು ದಿನ ಬರೀ ಮಲಗಿದೆ. ಈಗ ಕೂತು ಬರೆಯುತ್ತಿದ್ದೇನೆ. ನೋಡಲು ಬಂದ ಹುಡುಗರು, ಅದರಲ್ಲೂ ಬಡಿಗತನದ ಮನೆಯವರು, "ಅಣ್ಣಾ, ಇದನ್ನ ಹೆಂಗ ಶುರು ಮಾಡಬೇಕು?" ಅಂತ ಮತ್ತೆ ಮತ್ತೆ ಕೇಳಿದರು. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅದಲ್ಲ. ಗೊತ್ತಿಲ್ಲದೆ ನಾನು ಹಾಳು ಮಾಡಿದ ಕಟ್ಟಿಗೆ, ಕಳೆದ ದುಡ್ಡು, ಸುಮ್ನೆ ಕಾದ ದಿನಗಳು ಅವರಿಗಾದರೂ ಉಳಿಯಲಿ ಅಂತ ಎಲ್ಲವನ್ನೂ ಬರೆಯುತ್ತೇನೆ.

ನಮ್ಮೂರು ಹಾವೇರಿಯಿಂದ 9 ಕಿ.ಮೀ. ಅಪ್ಪ ಬಡಿಗ. ನಾನು ಚಿಕ್ಕವನಿದ್ದಾಗ ಅವರು ಬಾಗಿಲು, ಚೌಕಟ್ಟಿನ ಜೊತೆಗೆ ರೈತರ ಕೂರಿಗೆ, ಕುಂಟೆ, ನೊಗ ಎಲ್ಲವನ್ನೂ ಮಾಡಿಕೊಡುತ್ತಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಯ ಮಕ್ಕಳೆಲ್ಲ ಎತ್ತು ಮಾಡುತ್ತಿದ್ದೆವು. ಕಣ್ಣಿಗೆ ಕುಸುಬಿ ಕಾಳು ಒತ್ತುತ್ತಿದ್ದೆವು. ನನ್ನ ಎತ್ತಿನ ಹಿಣಿಲು (ಡುಬ್ಬ) ನೋಡಿ ಅಪ್ಪ "ಇದು ಎತ್ತು ಆತು" ಅಂದಿದ್ದರು. ಆ ಮಾತಿನ ಖುಷಿಗೇ ಉಳಿ ಹಿಡಿದೆ ಅನಿಸುತ್ತದೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಅಪ್ಪನ ಜೊತೆ ಬಾಗಿಲಿಗೆ ಕಮಲ, ಗಿಳಿ, ಬಳ್ಳಿ ಕೆತ್ತಿದೆ. 2012ರಿಂದ ಮೂರು ವರ್ಷ ತೇರು ಮಾಡುವ ಒಂದು ತಂಡದಲ್ಲಿದ್ದೆ. ತೇರಿನ ಗಡ್ಡಿಯ (ಬುಡದ ಭಾಗದ) ಸುತ್ತ ಆನೆಸಾಲು, ಹಂಸ, ಯಾಳಿ. ಅಲ್ಲಿ ಕೈ ಪಳಗಿತು. ತಂಡದ ಹಿರಿಯ ಕಾಕಾ ಮೊದಲ ಮೂರು ತಿಂಗಳು ನನಗೆ ಕೆತ್ತಲು ಕೊಡಲೇ ಇಲ್ಲ. ಸಾಣೆ ಕಲ್ಲಿನ ಮೇಲೆ ಉಳಿ ಮಸೆಯುವುದೊಂದೇ ಕೆಲಸ. ಮಸೆದ ಉಳಿಯನ್ನು ಅವರು ಮುಂಗೈ ಕೂದಲ ಮೇಲೆ ಆಡಿಸಿ ನೋಡುತ್ತಿದ್ದರು. ಕೂದಲು ಬೋಳಿಸದಿದ್ದರೆ ವಾಪಸ್. ಆಗ ಸಿಟ್ಟು ಬರುತ್ತಿತ್ತು. ಈಗ ನನ್ನ ಹತ್ತಿರ ಕಲಿಯಲು ಬರುವವರಿಗೆ ನಾನೂ ಅದನ್ನೇ ಮಾಡಿಸುತ್ತೇನೆ. ಮೊಂಡ ಉಳಿ ಎಳೆಯನ್ನು ಕೊಯ್ಯುವುದಿಲ್ಲ, ಹರಿಯುತ್ತದೆ. ಆ ಗಾಯವನ್ನು ಎಷ್ಟು ಪಾಲೀಸ್ ಪೇಪರ್ ತಿಕ್ಕಿದರೂ ಮುಚ್ಚಲು ಆಗಲ್ಲ.

ತೇರಿನಲ್ಲಿ ಎಲ್ಲದಕ್ಕೂ ಅಳತೆ ಇದೆ, ಎಲ್ಲದಕ್ಕೂ ಹಿಂದಿನ ಮಾದರಿ ಇದೆ. ಅದು ದೊಡ್ಡ ವಿದ್ಯೆ. ಆದರೆ ನನ್ನದು ಅಂತ ಏನು ಕೆತ್ತಲಿ ಅನ್ನುವ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ. 2016ರಲ್ಲಿ ಕಾರ್ಕಳದ ಹತ್ತಿರ ಮಿಯ್ಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಗೆ ಸೇರಿದೆ. ಒಂದೂವರೆ ವರ್ಷದ ತರಬೇತಿ. ಅಲ್ಲೇ ಉಳಿದು ಉಚಿತವಾಗಿ ಕಲಿಯಬಹುದು. ಕಲಿಯುವ ಆಸೆ ಇದ್ದು ಫೀ ಕಟ್ಟಲು ಆಗದವರು ಮೊದಲು ಅಲ್ಲಿ ವಿಚಾರಿಸಿ. ಮಣ್ಣಿನಲ್ಲಿ ಮಾದರಿ ಮಾಡಿ ಆಮೇಲೆ ಕಟ್ಟಿಗೆಗೆ ಇಳಿಸುವುದು, ದೇಹದ ಅಳತೆ, ನೆರಳು ಬೆಳಕಿನ ಲೆಕ್ಕ, ಇವೆಲ್ಲ ನನಗೆ ಸರಿಯಾಗಿ ತಿಳಿದದ್ದು ಆ ದಿನಗಳಲ್ಲೇ.

ಅದೇ ದಿನಗಳಲ್ಲಿ ಒಂದು ಪುಸ್ತಕದಲ್ಲಿ ಬ್ರಾಂಕೂಸಿ ಅನ್ನುವ ಶಿಲ್ಪಿಯ ಕೆಲಸಗಳ ಫೋಟೊ ನೋಡಿದೆ. ರೊಮೇನಿಯಾದ ಹಳ್ಳಿಯಲ್ಲಿ 1876ರಲ್ಲಿ ಹುಟ್ಟಿದವನು. ಚಿಕ್ಕಂದಿನಿಂದ ಕಟ್ಟಿಗೆ ಕೆತ್ತಿದವನು. 1918ರಲ್ಲಿ ಓಕ್ ಕಟ್ಟಿಗೆಯಲ್ಲಿ ಒಂದು ಕಂಬ ಮಾಡಿದ್ದಾನೆ. ಒಂದೇ ಆಕಾರ, ಒಂದರ ಮೇಲೊಂದು. ನಮ್ಮ ಪಡಸಾಲೆಯ ಕಂಬ ಕಣ್ಣ ಮುಂದೆ ಬಂತು. ದೆಹಲಿಯಲ್ಲಿದ್ದ ಧನರಾಜ್ ಭಗತ್, ಬರೋಡದಲ್ಲಿ ಕಲಿಸಿದ ಶಂಖೋ ಚೌಧುರಿ ಅವರ ಕಟ್ಟಿಗೆ ಕೆಲಸಗಳನ್ನೂ ಫೋಟೊದಲ್ಲೇ ನೋಡಿದೆ. ಒಂದು ಎಲೆಯನ್ನೂ ಒಂದು ಹೂವನ್ನೂ ಕೆತ್ತದೆ ಕಟ್ಟಿಗೆ ಮಾತಾಡಬಹುದು ಅನ್ನುವುದು ನನಗೆ ಹೊಸದು.

2018ರಲ್ಲಿ ಊರಿಗೆ ಬಂದೆ. ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ಬೇರೆಯವರದರ ನೆರಳು. ನಯವಾದ ಮೊಟ್ಟೆಯಾಕಾರಗಳು. ನೋಡಲು ಚೆಂದ, ಆದರೆ ನನ್ನವು ಅಲ್ಲ. ಆಗ ಗದಗಿಗೆ ಬಾಗಿಲು ಕೆಲಸಕ್ಕೆ ಹೋಗಿದ್ದವನು ಬಿಡುವು ಸಿಕ್ಕಾಗಲೆಲ್ಲ ಲಕ್ಕುಂಡಿಗೆ ಹೋಗಿ ಕೂರುತ್ತಿದ್ದೆ. ಗದಗಿನಿಂದ ಹನ್ನೆರಡೇ ಕಿ.ಮೀ. ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನು ನೀವು ನೋಡಿರಬಹುದು. ಕಲ್ಲನ್ನೇ ತಿರುಗಿಸಿ ಕಡೆದ ಕಂಬಗಳು. ಸಾವಿರ ವರ್ಷದ ಹಿಂದೆ ಬಳಪದ ಕಲ್ಲು ಅವರಿಗೆ ಕಟ್ಟಿಗೆಯಷ್ಟೇ ಮಾತು ಕೇಳಿದೆ. ಬಾಗಿಲವಾಡದ ಕುಸುರಿಗಿಂತ ಜಾಸ್ತಿ ಹೊತ್ತು ನಾನು ನೋಡಿದ್ದು ಕಂಬದ ಕೊರಳನ್ನು. ಅಲ್ಲಿ ಕೆತ್ತನೆ ಏನೂ ಇಲ್ಲ, ಬರೀ ಒಂದು ತಿರುವು. ಬೆಳಕು ಅದರ ಸುತ್ತ ಹೊರಳುತ್ತದೆ ಅಷ್ಟೇ. ಇಷ್ಟು ಸಾಕು ಅನ್ನುವ ಧೈರ್ಯ ಬಂದದ್ದು ಅಲ್ಲಿ.

ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೂ ಹೋದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ನಮ್ಮ ಕಡೆಯ ಹಳ್ಳಿ ಬದುಕನ್ನೇ ಅಲ್ಲಿ ನಿಲ್ಲಿಸಿದ್ದಾರೆ. ಎತ್ತು, ಎಮ್ಮೆ, ರೈತರು, ಎಲ್ಲ ಇದ್ದಾರೆ. ಒಂದು ಇಡೀ ದಿನ ಅಡ್ಡಾಡಿದೆ. ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಇದ್ದ ಹಾಗೆ ಕಾಣಿಸುವ ಕೆಲಸವನ್ನು ಅವರು ಇಷ್ಟು ಪ್ರೀತಿಯಿಂದ ಮಾಡಿದ್ದಾರೆ. ಅದನ್ನೇ ನಾನು ಕಟ್ಟಿಗೆಯಲ್ಲಿ ಇನ್ನೊಮ್ಮೆ ಮಾಡುವುದು ಬೇಡ.

2020ರ ಮಳೆಗಾಲದಲ್ಲಿ ಹಿತ್ತಲ ಸೋಗೆ ಬಿಚ್ಚುವಾಗ ಅಜ್ಜನ ನೊಗ ಸಿಕ್ಕಿತು. ಟ್ರ್ಯಾಕ್ಟರ್ ಬಂದ ಮೇಲೆ ಮೂಲೆಗೆ ಬಿದ್ದದ್ದು. ಅಪ್ಪ, "ನೀರೊಲಿಗೆ ಹಾಕೂಣು ಅಂದ್ರ ನಿಮ್ಮವ್ವ ಬ್ಯಾಡ ಅಂತಾಳ" ಅಂದರು. ಬಿಸಿಲಿಗೆ ತಂದು ಒರೆಸಿದೆ. ಎತ್ತಿನ ಕೊರಳು ಕೂರುವ ಎರಡು ಕಡೆ ಕಟ್ಟಿಗೆ ಸವೆದು ಹೊಳೆಯುತ್ತಿತ್ತು. ಯಾವ ಪಾಲೀಸ್ ಪೇಪರಿನಿಂದಲೂ ಬರದ ನುಣುಪು. ಬೆರಳಿಟ್ಟರೆ ಬೆರಳು ತಾನಾಗಿ ಜಾರಿ ಆ ಗುಳಿಗೆ ಹೋಗುತ್ತದೆ. ಎಡಗಡೆ ಗುಳಿ ಬಲಗಡೆಯದಕ್ಕಿಂತ ಆಳ. ಮೂವತ್ತು ವರ್ಷ ಎತ್ತುಗಳು ಕೊರಳಿನಿಂದ ಮಾಡಿದ ಶಿಲ್ಪ ಅದು. ನಾನು ಅದಕ್ಕೆ ಉಳಿ ಹಚ್ಚಲಿಲ್ಲ. ಜಾಲಿಯ ದೊಡ್ಡ ತುಂಡು ತಂದು ಅದರಲ್ಲಿ ಎರಡು ಕೊರಳಿನ ಜಾಗವನ್ನು ಟೊಳ್ಳು ಮಾಡಿ, ಮೇಲೆ ಈ ನೊಗ ಕೂರಿಸಿದೆ. ಎತ್ತಿಲ್ಲ, ಎತ್ತು ಇದ್ದ ಜಾಗ ಇದೆ. ನನ್ನ ಕೆಲಸ ಅಂತ ನಾನು ಹೇಳಿಕೊಳ್ಳುವುದು ಇಲ್ಲಿಂದ ಶುರು.

ಆಮೇಲೆ ಊರೂರು ತಿರುಗಿ ಹಳೆಯ ಕೂರಿಗೆ ದಿಂಡು, ತಾಳು, ಈಸು, ಗಾಡಿಯ ಗಾಲಿ ಕೂಡಿಸಿದೆ. ಸುಮಾರು ಜನ ಹಾಗೇ ಕೊಟ್ಟರು, ಕೆಲವರು ಒಲೆ ಕಟ್ಟಿಗೆಯ ರೇಟಿಗೆ ಕೊಟ್ಟರು. ಈ ದಾರಿ ಹಿಡಿಯುವವರು ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ. ಹಳೆಯ ಸಾಮಾನಿನಲ್ಲಿ ಮೊಳೆ ಒಳಗೇ ಮುರಿದು ಕೂತಿರುತ್ತದೆ. ನನ್ನ ಎರಡು ಒಳ್ಳೆಯ ಉಳಿಗಳ ಬಾಯಿ ಹೋದದ್ದು ಹಾಗೇ. ಕಟ್ಟಿಗೆ ಅಲುಗಾಡಿಸಿದಾಗ ಸಣ್ಣ ಹಿಟ್ಟು ಉದುರಿದರೆ ಒಳಗೆ ಹುಳ ಇದೆ. ಅದನ್ನು ಬೇರೆ ಕಟ್ಟಿಗೆಯ ಜೊತೆ ಇಡಲೇಬೇಡಿ.

ಉಳಿಗಳ ವಿಷಯ ಬಂತು, ಅದಕ್ಕೆ ದುಡ್ಡು ಹೊಂದಿಸಿದ್ದನ್ನೂ ಹೇಳುತ್ತೇನೆ. 2023ರ ಸೆಪ್ಟೆಂಬರ್ 17ಕ್ಕೆ ಕೈಕಸುಬಿನವರಿಗಾಗಿ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. 18 ಕಸುಬುಗಳಲ್ಲಿ ಬಡಿಗತನವೂ ಇದೆ, ಶಿಲ್ಪಿಗಳೂ ಇದ್ದಾರೆ. ತರಬೇತಿ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ವೋಚರ್, ಆಮೇಲೆ ಬೇಕಾದರೆ ಶೇ 5ರ ಬಡ್ಡಿಗೆ ಮೊದಲ ಕಂತು 1 ಲಕ್ಷದವರೆಗೆ ಸಾಲ. ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹಾಕಬೇಕು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಬೇಕು. ಹಳ್ಳಿಯಲ್ಲಿ ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಪರಿಶೀಲನೆ, ಆಮೇಲೆ ಜಿಲ್ಲಾ ಸಮಿತಿ, ಕೊನೆಗೆ ಇನ್ನೊಂದು ಸಮಿತಿ.

ನನಗೆ ಎರಡು ಕಡೆ ತಡೆಯಾಯಿತು. ಆಧಾರ್‌ನಲ್ಲಿ ಅಡ್ಡಹೆಸರು ಪೂರ್ತಿ ಇತ್ತು, ಪಾಸ್‌ಬುಕ್ಕಿನಲ್ಲಿ ಬರೀ ಒಂದಕ್ಷರ. ಇದೊಂದಕ್ಕೆ ಎರಡು ತಿಂಗಳು ಹೋಯಿತು. ಅರ್ಜಿ ಹಾಕುವ ಮುಂಚೆಯೇ ಎಲ್ಲ ಕಾಗದ ಎದುರಿಗಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ ಹೊಂದಿಸಿ ನೋಡಿ. ಎರಡನೆಯದು ಮನಸ್ಸಿಗೆ ಹತ್ತಿದ್ದು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ ಅಂತ ಲೆಕ್ಕ. ನನ್ನ ಮದುವೆಯಾಗಿಲ್ಲ. ಅಂದರೆ ಅಪ್ಪ ಇಲ್ಲವೇ ನಾನು. ನಲವತ್ತು ವರ್ಷ ಬಾಚಿ ಹಿಡಿದವರು ಅವರು. ನನಗೆ ಕೇಳಲು ಬಾಯಿ ಬರಲಿಲ್ಲ. ಅವರೇ ಒಂದು ಮುಂಜಾನೆ ಚಹಾ ಕುಡಿಯುತ್ತಾ, "ನನಗ ಇನ್ನ ಹೊಸಾ ಉಳಿ ಯಾಕ ಬೇಕಪಾ, ನಿನ್ನ ಹೆಸರು ಹಾಕು" ಅಂದರು. 2024ರ ಕೊನೆಗೆ ಬಂದ ಸಲಕರಣೆಯಲ್ಲಿ ಮೊದಲು ಕೈಗೆತ್ತಿಕೊಂಡದ್ದು ಅಪ್ಪನೇ.

ಕಟ್ಟಿಗೆ ಒಣಗಿಸುವ ವಿಷಯಕ್ಕೆ ಬರುತ್ತೇನೆ. ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಗಾಳಿಗೆ ಒಣಗಿಸುವುದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವ ಅಂದಾಜು ಲೆಕ್ಕ ಇದೆ. 2021ರ ಗಾಳಿಮಳೆಗೆ ಹಿತ್ತಲ ಬೇವಿನ ಮರ ಉರುಳಿತು. ಹದಿನಾಲ್ಕು ಇಂಚಿನ ಬೊಡ್ಡೆ. ಎರಡು ವರ್ಷ ಇಟ್ಟೆ, ಸಾಕು ಅಂದುಕೊಂಡು ಇಡೀ ಬೊಡ್ಡೆಯಲ್ಲಿ ತಲೆಯ ಮೇಲೆ ಬುತ್ತಿ ಹೊತ್ತ ಅವ್ವನನ್ನು ಕೆತ್ತಿದೆ. ತಿರುಳನ್ನು ತೆಗೆಯಲಿಲ್ಲ. ಅದೇ ತಪ್ಪು. ಕಟ್ಟಿಗೆ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಮರದೊಳಗಿನ ಬೆಳವಣಿಗೆಯ ಬಳೆಗಳ ಸುತ್ತಳತೆಯಲ್ಲಿ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಇಡೀ ಬೊಡ್ಡೆ ಎಲ್ಲಾದರೂ ಒಂದು ಕಡೆ ಸೀಳಲೇಬೇಕು. ದಪ್ಪ ಕೆಲಸ ಮಾಡುವವರು ಬೊಡ್ಡೆಯನ್ನು ಸೀಳಿ ತಿರುಳು ಬಿಟ್ಟು ಕೆತ್ತಿ, ಇಲ್ಲವೇ ಬೆನ್ನಿನ ಕಡೆಯಿಂದ ಟೊಳ್ಳು ಮಾಡಿ. ಹಸಿ ಕಟ್ಟಿಗೆ ತಂದ ದಿನವೇ ಎರಡೂ ತುದಿಗೆ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ. ನೀರು ಬೇಗ ಹೋಗುವುದು ತುದಿಯಿಂದ. ತೊಗಟೆ ತೆಗೆದು, ನೆಲಕ್ಕೆ ತಾಗದಂತೆ ನೆರಳಲ್ಲಿ ಇಡಿ.

ಇನ್ನೊಂದು ಮಾತು. ಮರ ನಿಮ್ಮ ಹೊಲದ್ದೇ ಇರಲಿ, ಬಿದ್ದದ್ದೇ ಇರಲಿ, ಕಡಿಯುವ ಮತ್ತು ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ಕಟ್ಟಿಗೆ ಅಡ್ಡೆಯಲ್ಲಿ ಕೊಂಡರೆ ಬಿಲ್ ಬಿಡಬೇಡಿ. ಅದು ಮುಂದೆ ನನಗೆ ಹೇಗೆ ಉಪಯೋಗಕ್ಕೆ ಬಂತು ಹೇಳುತ್ತೇನೆ.

ಹತ್ತು ಕೆಲಸ ಮುಗಿದಾಗ ಧಾರವಾಡದ ಒಂದು ಗ್ಯಾಲರಿಗೆ ಅರ್ಜಿ ಹಾಕಿದೆ. ಮೊದಲನೆಯದು ತಿರುಗಿ ಬಂತು. ಮೊಬೈಲಿನಲ್ಲಿ ತೆಗೆದ ಫೋಟೊ, ಹಿಂದೆ ಶೆಡ್ಡಿನ ತಗಡು, ಸೈಕಲ್ಲು, ಒಣಹಾಕಿದ ಬಟ್ಟೆ. ಆಯ್ಕೆ ಮಾಡುವವರಿಗೆ ಶಿಲ್ಪ ಕಾಣುವುದಾದರೂ ಹೇಗೆ, ಅಲ್ವಾ? ಎರಡನೆಯ ಸಲ ಫೋಟೊಗ್ರಾಫರನ್ನು ಕರೆಸಿದೆ. ಹಿಂದೆ ಬೂದು ಬಣ್ಣದ ಬಟ್ಟೆ, ಪಕ್ಕದಿಂದ ಒಂದೇ ಬೆಳಕು, ಒಂದೊಂದಕ್ಕೆ ಮೂರು ಕೋನ. 9,000 ರೂಪಾಯಿ ಕೊಟ್ಟೆ. ಇಡೀ ಖರ್ಚಿನಲ್ಲಿ ಮನಸ್ಸಿಗೆ ನೋವಾಗದ ದುಡ್ಡು ಅದೊಂದೇ. ಆ ಫೋಟೊಗಳು ಅಕಾಡೆಮಿಗಳ ವಾರ್ಷಿಕ ಪ್ರದರ್ಶನಗಳಿಗೆ ಅರ್ಜಿ ಹಾಕಲೂ ಬೇಕಾಗುತ್ತವೆ. ಕರ್ನಾಟಕ ಶಿಲ್ಪಕಲಾ ಅಕಾಡೆಮಿ, ಲಲಿತಕಲಾ ಅಕಾಡೆಮಿ ಎರಡೂ ಬೇರೆ ಬೇರೆ. ಎರಡರ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಏಳು ತಿಂಗಳು ಕಾದ ಮೇಲೆ ತಾರೀಕು ಸಿಕ್ಕಿತು. ಆಮಂತ್ರಣ ಅಚ್ಚಾಗಿ ಹಂಚಲು ಶುರು ಮಾಡಿದ ಮೇಲೆ ಫೋನ್ ಬಂತು. ಅದೇ ವಾರ ಬೇರೆ ಕಾರ್ಯಕ್ರಮ ಇದೆ, ಹದಿನೈದು ದಿನ ಮುಂದೆ ಹಾಕಿಕೊಳ್ಳಿ ಅಂತ. 300 ಆಮಂತ್ರಣ ಹಾಳಾದವು. ಆ ರಾತ್ರಿ ಊಟ ಸೇರಲಿಲ್ಲ. ತಾರೀಕು ಬರವಣಿಗೆಯಲ್ಲಿ ಕೈಗೆ ಬರುವ ತನಕ ಏನನ್ನೂ ಅಚ್ಚು ಹಾಕಿಸಬೇಡಿ.

ಆದರೆ ಆ ಹದಿನೈದು ದಿನ ಇಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ. ಏಪ್ರಿಲ್ ಬಿಸಿಲು ಜೋರಾಗಿತ್ತು. ಪ್ರದರ್ಶನಕ್ಕೆ 16 ದಿನ ಇದೆ ಅನ್ನುವಾಗ ರಾತ್ರಿ ಶೆಡ್ಡಿನಲ್ಲಿ 'ಟಪ್' ಅಂತ ಸದ್ದು. ಲೈಟ್ ಹಚ್ಚಿ ನೋಡಿದೆ. ಬುತ್ತಿ ಹೊತ್ತ ಅವ್ವನ ಎದೆ ಕೊರಳಿನಿಂದ ಹೊಕ್ಕಳವರೆಗೆ ಬಿರಿದಿತ್ತು. ಮೇಲೆ ಹತ್ತು ರೂಪಾಯಿ ನಾಣ್ಯ ಅಡ್ಡಡ್ಡ ಹೋಗುವಷ್ಟು, ಕೆಳಗೆ ಬರುತ್ತಾ ಕೂದಲೆಳೆಯಷ್ಟು. ಒಳಗಿನ ಕಟ್ಟಿಗೆ ಇನ್ನೂ ಕೆಂಪಗೆ ಕಾಣುತ್ತಿತ್ತು, ಬೇವಿನ ಕಹಿ ವಾಸನೆ ಬರುತ್ತಿತ್ತು. ಅಲ್ಲೇ ನೆಲಕ್ಕೆ ಕೂತೆ. ಎಂಟು ತಿಂಗಳು ಬಿಡುವು ಸಿಕ್ಕಾಗಲೆಲ್ಲ ಮಾಡಿದ ಕೆಲಸ.

ಮರುದಿನ ಕಟ್ಟಿಗೆ ಪುಡಿ ಮತ್ತು ಅಂಟು ಕಲಸಿ ತುಂಬಲು ಹೊರಟಿದ್ದೆ. ಅಪ್ಪ ತಡೆದರು. ಬೇಸಿಗೆಯಲ್ಲಿ ಬಿರುಕು ಪೂರ್ತಿ ತುಂಬಿದರೆ ಮಳೆಗಾಲಕ್ಕೆ ಕಟ್ಟಿಗೆ ಉಬ್ಬಿ ಮುಚ್ಚಿಕೊಳ್ಳಲು ಜಾಗ ಇರಲ್ಲ, ಇನ್ನೊಂದು ಕಡೆ ಒಡೆಯುತ್ತದೆ. ಅಷ್ಟರಲ್ಲಿ ಚಹಾ ತಂದ ಅವ್ವ ಮೂರ್ತಿಯನ್ನು ಮೇಲಿಂದ ಕೆಳಗೆ ನೋಡಿ, "ಹೋಗ್ಲಿ ಬಿಡೋ, ನನ್ನ ಹಿಮ್ಮಡನೂ ಹಿಂಗ ಒಡದಾವ" ಅಂದಳು. ನಾನು ಉಳಿ ಕೆಳಗಿಟ್ಟೆ. ಬಿರುಕನ್ನು ಹಾಗೇ ಬಿಟ್ಟೆ. ಇನ್ನೂ ಅಗಲವಾಗದಂತೆ ಅಡ್ಡಕ್ಕೆ ಕರಿಜಾಲಿಯ ಎರಡು ಚಿಟ್ಟೆಯಾಕಾರದ ತುಂಡು ಕೂರಿಸಿದೆ, ಮುಚ್ಚುಮರೆ ಮಾಡದೆ, ಕಾಣುವ ಹಾಗೇ.

ಕೊನೆಯ ಕೆಲಸ ಎಣ್ಣೆ ಹಚ್ಚುವುದು. ನಾನು ವಾರ್ನಿಷ್ ಬಳಸುವುದಿಲ್ಲ, ಅಗಸಿ ಎಣ್ಣೆ ತೆಳ್ಳಗೆ ಮೂರು ಸಲ. ಇಲ್ಲೊಂದು ಎಚ್ಚರಿಕೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಬಟ್ಟೆಯ ಗುಡ್ಡೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ಒಮ್ಮೆ ಅಂಥ ಮುದ್ದೆ ಎತ್ತಿದರೆ ಒಳಗೆ ಕೈ ಸುಡುವಷ್ಟು ಬಿಸಿ ಇತ್ತು. ಸುತ್ತ ಕಟ್ಟಿಗೆ ಚಕ್ಕೆ. ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿಯ ಮೇಲೆ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಸಾಗಿಸುವಾಗ ತೂಕದ ಅಂದಾಜು ಇರಬೇಕು. ಒಣಗಿದ ಸಾಗವಾನಿ ಒಂದು ಘನ ಅಡಿಗೆ ಸುಮಾರು 18 ಕೆ.ಜಿ. ಜಾಲಿ ಅದಕ್ಕಿಂತ ಭಾರ. ನೊಗದ ಶಿಲ್ಪ ಎತ್ತಲು ನಾಲ್ಕು ಜನ ಬೇಕಾದರು. ಹಳೆಯ ಕೌದಿ ಸುತ್ತಿ, ನಡುವೆ ಹುಲ್ಲು ತುಂಬಿದೆವು. ದಾರಿಯಲ್ಲಿ ಒಂದು ಕಡೆ ಟೆಂಪೊ ನಿಲ್ಲಿಸಿ ಕಟ್ಟಿಗೆಯ ಕಾಗದ ಕೇಳಿದರು. ಬಿಲ್ಲುಗಳು, ಗ್ಯಾಲರಿಯ ಪತ್ರ, ಫೋಟೊ ಸಮೇತ ಶಿಲ್ಪಗಳ ಪಟ್ಟಿ ಫೈಲಿನಲ್ಲಿತ್ತು. ಹತ್ತು ನಿಮಿಷದಲ್ಲಿ ಬಿಟ್ಟರು.

ಖರ್ಚು ಬಿಡಿಸಿ ಹೇಳುತ್ತೇನೆ. ಬಾಡಿಗೆ ದಿನಕ್ಕೆ 1,500ರಂತೆ 9,000. ಫೋಟೊ 9,000. ಎರಡು ಸಲ ಆಮಂತ್ರಣ, ಒಂದು ಸಣ್ಣ ಪುಸ್ತಿಕೆ 14,000. ಪ್ಲೈವುಡ್ಡಿನ ಹತ್ತು ಪೀಠ 22,000. ಟೆಂಪೊ ಎರಡು ಸಲ 7,000. ಲೈಟು 4,500. ಉದ್ಘಾಟನೆಯ ಚಹಾ, ಗಿರ್ಮಿಟ್, ನಮ್ಮ ಹಾವೇರಿಯ ಏಲಕ್ಕಿ ಹಾರ ಸೇರಿ 6,000. ಒಟ್ಟು 71,500. ಮಾರಿದ್ದು 25,000, 18,000 ಮತ್ತು 12,000ಕ್ಕೆ, ಒಟ್ಟು 55,000. ಕಟ್ಟಿಗೆ, ನನ್ನ ಕೂಲಿ ಇದರಲ್ಲಿ ಇಲ್ಲ. ಬೆಲೆ ಕಟ್ಟುವಾಗ ದಿನಕ್ಕೆ 800ರಂತೆ ಕೂಲಿ, ಮೇಲೆ ಕಟ್ಟಿಗೆ ಎಣ್ಣೆ ಸೇರಿಸಿದೆ. ಪಟ್ಟಿ ಅಚ್ಚು ಹಾಕಿಸಿ ಮೇಜಿನ ಮೇಲಿಟ್ಟಿದ್ದರಿಂದ ಚೌಕಾಸಿ ಕಡಿಮೆಯಾಯಿತು. ಪೀಠಗಳನ್ನು ಬಾಡಿಗೆಗೆ ತರಲು ಆಗುವುದಾದರೆ ತನ್ನಿ. ನನ್ನವು ಮೊದಲ ದಿನ ತೀರಾ ಗಿಡ್ಡವಾದವು. ಜನ ಬಗ್ಗಿ ನೋಡುತ್ತಿದ್ದರು. ರಾತ್ರಿ ಇಟ್ಟಿಗೆ ಜೋಡಿಸಿ ಎತ್ತರ ಮಾಡಿದೆ.

ಮೊದಲ ಎರಡು ದಿನ ಬಂದವರು ಕಡಿಮೆ. ಮೂರನೆಯ ದಿನ ನವಲಗುಂದ ಕಡೆಯ ಒಬ್ಬ ಅಜ್ಜ ಬಂದರು. ಕೋರ್ಟ್ ಕೆಲಸಕ್ಕೆ ಬಂದವರು ಬಿಸಿಲು ತಾಳದೆ ಒಳಗೆ ಬಂದಿದ್ದರಂತೆ. ಮುಟ್ಟಬಹುದಾ ಅಂತ ಕೇಳಿದರು. ಮುಟ್ಟಿ ಅಂದೆ. ನೊಗದ ಎರಡೂ ಗುಳಿಯಲ್ಲಿ ಕೈಯಿಟ್ಟು ಕಣ್ಣು ಮುಚ್ಚಿ ನಿಂತರು. ಆಮೇಲೆ, "ಎಡಗೋಲ ಎತ್ತು ಭಾಳ ದುಡದೈತಿ ತಮ್ಮಾ, ಬಲಗೋಲಿಂದು ಸ್ವಲ್ಪ ಕಳ್ಳ ಇತ್ತು" ಅಂದರು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ನಿಜ ಅಂದರು. ನಮ್ಮಜ್ಜ ಆ ಬಲಗೋಲ ಎತ್ತನ್ನು ದಿನಾ ಬೈಯುತ್ತಿದ್ದರಂತೆ. ಆ ಕೆಲಸಕ್ಕೆ ಆಮೇಲೆ ಇಬ್ಬರು ಬೆಲೆ ಕೇಳಿದರು. 'ಮಾರಾಟಕ್ಕಿಲ್ಲ' ಅಂತ ಚೀಟಿ ಅಂಟಿಸಿದೆ.

ಬುತ್ತಿ ಹೊತ್ತ ಅವ್ವನನ್ನು ಹುಬ್ಬಳ್ಳಿಯ ಒಬ್ಬ ಟೀಚರಮ್ಮ 25,000ಕ್ಕೆ ಕೊಂಡರು. ಬಿರುಕಿನ ಬಗ್ಗೆ ಮೊದಲೇ ಎಲ್ಲ ಹೇಳಿದ್ದೆ. ಒಂದು ಚೀಟಿಯನ್ನೂ ಬರೆದು ಕೊಟ್ಟಿದ್ದೆ: ನೇರ ಬಿಸಿಲಿಗೆ, ಎಸಿ ಗಾಳಿಗೆ ಇಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿ, ವರ್ಷಕ್ಕೊಮ್ಮೆ ಅಗಸಿ ಎಣ್ಣೆ ಹಚ್ಚಿ. ನಿನ್ನೆ ಸಂಜೆ ಅವರ ಫೋನ್ ಬಂತು. ರಾತ್ರಿ ಸಣ್ಣ ಸದ್ದು ಕೇಳಿಸಿತು, ಗಾಬರಿಯಾಯಿತು ಅಂದರು. ಎಲ್ಲಿಟ್ಟಿದ್ದೀರಿ ಅಂತ ಕೇಳಿದೆ. ಪಶ್ಚಿಮದ ಕಿಟಕಿ ಪಕ್ಕ. ಒಳಗಿನ ಗೋಡೆಗೆ ಸರಿಸಿ, ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ ಇಡಿ ಮೇಡಂ, ಶನಿವಾರ ಬಂದು ನೋಡುತ್ತೇನೆ ಅಂದಿದ್ದೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾರೆ. ಕರಿಜಾಲಿಯ ಇನ್ನೊಂದು ಚಿಟ್ಟೆ ತುಂಡನ್ನು ಈಗಲೇ ಕೊಯ್ದು ಇಟ್ಟಿದ್ದಾರೆ.